ವೀರಗಲ್ಲು ಓದುತ್ತಿದ್ದ ಮೇಷ್ಟ್ರು

ಮೇಷ್ಟ್ರು ಹೋದರೆಂಬ ಸುದ್ದಿ ಬಂದಾಗ ನಾನು ಅಂಗಡಿಯಲ್ಲಿ ಕೂತು ಒಂದು ದೇವಸ್ಥಾನದ ದಾನಿಗಳ ಹೆಸರುಗಳನ್ನು ಕಲ್ಲಿಗೆ ಇಳಿಸುತ್ತಿದ್ದೆ. ಫೋನು ಮಾಡಿದವಳು ಅವರ ಮಗಳು. “ಬಾಷಾ ಅಣ್ಣಾ, ಅಪ್ಪಾಜಿ ಹೋಗ್ಬಿಟ್ರು” ಎಂದಳು. ಮಣ್ಣು ಎಲ್ಲಿ ಎಂದು ಕೇಳಿದೆ. ಸಿಂಗಟಗೆರೆಯಲ್ಲಿ, ಅವರ ತಮ್ಮನ ತೆಂಗಿನ ತೋಟದಲ್ಲಿ ಎಂದಳು. ಬರುತ್ತೇನೆ ಎಂದು ಹೇಳಿ ಮತ್ತೆ ಉಳಿ ಕೈಗೆತ್ತಿಕೊಂಡೆ. ‘ಶ್ರೀಮತಿ’ ಎಂಬಲ್ಲಿಗೆ ನಿಂತಿದ್ದ ಸಾಲನ್ನು ಮುಂದುವರಿಸಿದೆ. ಇಪ್ಪತ್ತು ವರ್ಷ ನನ್ನನ್ನು ಮನೆಯವನಂತೆ ಕಂಡವರು ಸತ್ತಾಗ ಉಳಿ ಕೆಳಗಿಡಬೇಕಿತ್ತು. ಇಡಲಿಲ್ಲ. ಸಾಲು ಮುಗಿಯುವವರೆಗೂ ನನಗೆ ಅವರ ಮೇಲೆ ಸಿಟ್ಟೇ ಇತ್ತು.

ನನ್ನದು ತರೀಕೆರೆಯಲ್ಲಿ ಕಲ್ಲಿನ ಮೇಲೆ ಅಕ್ಷರ ಕೆತ್ತುವ ಅಂಗಡಿ. ಅಪ್ಪ ಇಟ್ಟದ್ದು. ಶಂಕುಸ್ಥಾಪನೆಯ ಕಲ್ಲು, ಗೋರಿಯ ಕಲ್ಲು, ಗೃಹಪ್ರವೇಶಕ್ಕೆ ಮನೆಯ ಹೆಸರು, ಯಾವುದಾದರೂ ಸರಿ. ಮನೆಯಲ್ಲಿ ನಾವು ಆಡುವುದು ದಖನಿ, ಹೊಟ್ಟೆ ಹೊರೆದದ್ದು ಕನ್ನಡದ ಅಕ್ಷರ. ಅಪ್ಪನಿಗೆ ಲಕ್ವ ಹೊಡೆದ ವರ್ಷ ಅಂಗಡಿ ನನ್ನ ಕೈಗೆ ಬಂತು. ಆ ವರ್ಷವೇ ಮೇಷ್ಟ್ರು ನನ್ನನ್ನು ಬೈಯುವುದಕ್ಕೆಂದು ಮೊದಲ ಸಲ ಅಂಗಡಿಗೆ ಬಂದರು.

ಅವರು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದರು. ನಾನು ಅವರ ಶಿಷ್ಯನಲ್ಲ. ಹೊಸ ಬಸ್ ಶೆಲ್ಟರಿಗೆ ನಾನು ಕೆತ್ತಿಕೊಟ್ಟ ಕಲ್ಲಿನಲ್ಲಿ ‘ಉದ್ಘಾಟಣೆ’ ಎಂದು ಬಿದ್ದಿತ್ತು. ಅದನ್ನು ಓದಿ, ಬಿಸಿಲಲ್ಲಿ ಊರಾಚೆಯಿಂದ ನಡೆದುಕೊಂಡು ಬಂದಿದ್ದರು. “ಕಾಗದದಲ್ಲಿ ತಪ್ಪು ಮಾಡಿದ್ರೆ ಹರಿದು ಹಾಕ್ಬಹುದು ಕಣಯ್ಯಾ. ಇದನ್ನ ನಿನ್ನ ಮೊಮ್ಮಕ್ಕಳೂ ಓದ್ಬೇಕು” ಎಂದರು. ನನಗೆ ಅವಮಾನವಾಯಿತು. ಮರುದಿನವೇ ಉಳಿ, ಸುತ್ತಿಗೆ ತೆಗೆದುಕೊಂಡು ಹೋಗಿ ಆ ‘ಣ’ವನ್ನು ಸವರಿ ಸರಿಮಾಡಿದೆ. ಅದನ್ನೂ ನೋಡಿಕೊಂಡು ಬಂದರು. “ಭಾನುವಾರ ಏನ್ ಮಾಡ್ತೀಯ?” ಎಂದು ಕೇಳಿದರು.

ಅಂದಿನಿಂದ ಭಾನುವಾರಗಳು ಅವರವಾದವು. ಅವರ ಮೊಪೆಡ್ಡಿನ ಹಿಂದೆ ಕೂತು ನಾನು ಕಡೂರು, ಅಜ್ಜಂಪುರ ಕಡೆಯ ರಸ್ತೆಗಳನ್ನೆಲ್ಲ ನೋಡಿದೆ. ನಮ್ಮ ಈ ಕಡೆ ರಸ್ತೆಬದಿಯಲ್ಲಿ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ವೀರಗಲ್ಲುಗಳಿಗೆ ಕೊರತೆಯಿಲ್ಲ. ಹಿಂದೊಮ್ಮೆ ಊರಿಗಾಗಿ ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು: ಕೆಳಗೆ ಕಾಳಗ, ನಡುವೆ ಅವನನ್ನು ಮೇಲಕ್ಕೆ ಒಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಲಿಂಗ. ಕೆಲವಕ್ಕೆ ನಡುವಿನ ಪಟ್ಟಿಯಲ್ಲಿ ಎರಡು ಮೂರು ಸಾಲು ಬರಹ. ಮೇಷ್ಟ್ರಿಗೆ ಬೇಕಾದದ್ದು ಆ ಬರಹ. ಚೀಲದಲ್ಲಿ ತೆಂಗಿನ ನಾರಿನ ಬ್ರಷ್ಷು, ನೀರಿನ ಬಾಟಲಿ, ಒಂದು ಹಿಡಿ ಮೈದಾ ಹಿಟ್ಟು, ಬಚ್ಚಲಮನೆಯ ಕನ್ನಡಿ. ಕಲ್ಲು ತೊಳೆದು, ಹಿಟ್ಟು ಸವರಿ, ಕನ್ನಡಿ ನನ್ನ ಕೈಗೆ ಕೊಟ್ಟು ಬಿಸಿಲನ್ನು ಓರೆಯಾಗಿ ಬೀಳಿಸಲು ಹೇಳುತ್ತಿದ್ದರು. ಏನೂ ಕಾಣದ ಕಲ್ಲಿನ ಮೇಲೆ ಒಂದೊಂದೇ ಅಕ್ಷರ ಎದ್ದು ಬರುವುದನ್ನು ನೋಡಿ ನನಗೆ ಮೈ ಜುಮ್ಮೆನ್ನುತ್ತಿತ್ತು. ಎಂಟು ನೂರು ವರ್ಷದ ಹಿಂದೆ ನನ್ನದೇ ಕಸುಬಿನವನೊಬ್ಬ ಇಲ್ಲಿ ಕೂತಿದ್ದನಲ್ಲ, ಅವನ ಉಳಿಯೂ ಈ ಹಳೆಗನ್ನಡದ ‘ಱ’ ಹತ್ತಿರ ಜಾರಿತ್ತಲ್ಲ ಎಂದು.

ಹಳೆಯ ಅಕ್ಷರಗಳನ್ನು ಅವರೇ ಕಲಿಸಿದರು. ಎರಡು ವರ್ಷ ಹಿಡಿಯಿತು. ಓದಲು ಬಂದ ದಿನ, “ನಿನ್ನ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ. ನೀನು ಓದು, ನಾನು ಬರ್ಕೋತೀನಿ” ಎಂದರು.

ಕಲ್ಲಿನ ಹತ್ತಿರ ಹೋಗುವಾಗ ಚಪ್ಪಲಿ ಬಿಡುತ್ತಿದ್ದರು. ಭಕ್ತಿಯೇ ಎಂದು ಕೇಳಿದ್ದಕ್ಕೆ, “ಯಾರದೋ ಮನೆ ಬಾಗ್ಲಲ್ಲಿ ನಿಂತಿದ್ದೀವಲ್ಲೋ” ಎಂದಿದ್ದರು.

ಅವರದು ಒಂದೇ ನಿಯಮ. ಓದಲಾಗದ ಕಡೆ ಚುಕ್ಕಿ ಇಡಬೇಕು. ಊಹಿಸಿ ತುಂಬಬಾರದು. ಹಿರೇನಲ್ಲೂರಿನ ಆಚೆ ಒಂದು ಊರಿನವರು ತಮ್ಮ ವೀರಗಲ್ಲು ಯಾವುದೋ ದೊಡ್ಡ ರಾಜನದ್ದೇ ಇರಬೇಕೆಂದು ನಂಬಿ ನಮ್ಮನ್ನು ಕರೆಸಿ, ಹೋಳಿಗೆ ಊಟ ಹಾಕಿಸಿದರು. ಕಲ್ಲು ಅರ್ಧ ಸವೆದುಹೋಗಿತ್ತು. ಮೇಷ್ಟ್ರು ಮೂರು ಗಂಟೆ ಕೂತು, ಎದ್ದು, “ಏಳು ಅಕ್ಷರ ಸಿಕ್ತು. ಹೆಸರಿನ ಜಾಗದಲ್ಲಿ ಐದು ಚುಕ್ಕಿ” ಎಂದರು. ಊಟ ಹಾಕಿಸಿದ ಯಜಮಾನನ ಮುಖ ಸಪ್ಪೆಯಾಯಿತು. “ಹೋಳಿಗೆ ತಿಂದು ಚುಕ್ಕಿ ಕೊಡ್ತೀರಲ್ಲ ಮೇಷ್ಟ್ರೇ! ಒಂದು ರಾಜನ ಹೆಸರು ಹಾಕಿದ್ರೆ ನಿಮ್ಮ ಗಂಟೇನು ಹೋಯ್ತು?” ಎಂದ. ಮೇಷ್ಟ್ರು ನಗುತ್ತ ಕೈಮುಗಿದು ಮೊಪೆಡ್ಡಿನ ಪೆಡಲು ತುಳಿದರು. ದಾರಿಯುದ್ದಕ್ಕೂ ನಾವಿಬ್ಬರೂ ಆ ಮಾತು ನೆನೆದು ನಕ್ಕೆವು.

ಇನ್ನೊಂದು ಸಲ, ಕಡೂರು ತಾಲೂಕಿನ ಒಂದು ಹಳ್ಳಿಯವರು ಗಡಿಯಲ್ಲಿ ಸತ್ತ ತಮ್ಮ ಹುಡುಗನಿಗೆ ರಸ್ತೆ ಪಕ್ಕದಲ್ಲಿ ಸ್ಮಾರಕ ಮಾಡಿಸಲು ನನ್ನ ಅಂಗಡಿಗೆ ಬಂದರು. ಕೆತ್ತಬೇಕಾದ ಚೀಟಿಯಲ್ಲಿ ‘ಸುಬೇದಾರ್’ ಎಂದಿತ್ತು. ಪಕ್ಕದಲ್ಲೇ ಕೂತಿದ್ದ ಮೇಷ್ಟ್ರು ಹುಡುಗನ ವಯಸ್ಸು ಕೇಳಿದರು. ಇಪ್ಪತ್ತೇಳು ಎಂದರು. ಈ ವಯಸ್ಸಿಗೆ ಸುಬೇದಾರ್ ಹೇಗಾದ ಎಂದು ಕೇಳಿದಾಗ, “ಸತ್ತಿರೋನ್ಗೆ ಒಂದಿಷ್ಟು ಮೇಲಾಕಿದ್ರೆ ತಪ್ಪೇನ್ ಸಾ?” ಎಂದರು. ಮೇಷ್ಟ್ರು ಅವರ ಜೊತೆ ಆ ಹಳ್ಳಿಗೇ ಹೋದರು. ಹುಡುಗನ ತಾಯಿ ಟ್ರಂಕಿನಿಂದ ಕಾಗದಗಳನ್ನು ತೆಗೆದು ತೋರಿಸಿದಳು. ಲ್ಯಾನ್ಸ್ ನಾಯಕ್, ಸುಬೇದಾರನಿಗಿಂತ ಎಷ್ಟೋ ಕೆಳಗಿನ ದರ್ಜೆ. ಆಕೆ, “ಅವನು ಕಾಗ್ದದಲ್ಲಿ ಅಂಗೇ ಬರೀತಿದ್ದ. ಆಯ್ತೀನಿ ಕಣವ್ವ, ಮುಂದಿನ ವರ್ಸ ನಾಯಕ್ ಆಯ್ತೀನಿ ಅಂತಿದ್ದ. ಆಗ್ಲಿಲ್ಲ. ಆಗಿದ್ದಷ್ಟೇ ಬರೀರಿ” ಎಂದಳಂತೆ. ಮೇಷ್ಟ್ರು ಅದನ್ನು ನನಗೆ ಹೇಳುವಾಗ ಕನ್ನಡಕ ತೆಗೆದು ಒರೆಸಿಕೊಂಡರು. ಆ ಕಲ್ಲನ್ನು ನಾನು ನನ್ನ ಜೀವಮಾನದ ಒಳ್ಳೆಯ ಕೆಲಸವೆಂದು ಇವತ್ತಿಗೂ ಎಣಿಸುತ್ತೇನೆ.

ಇಂಥವರು ಮುಂದೆ ಮಾಡಿದ್ದನ್ನು ಹೇಳಬೇಕು.

ಶಿವನಿಯ ಆಚೆ ಒಂದು ಊರು. ಹೆಸರು ಬೇಡ. ಅಲ್ಲಿ ರಸ್ತೆಬದಿಯ ಹೊಂಗೆಮರದ ಕೆಳಗೆ ಎದೆಯೆತ್ತರದ ಒಂದು ವೀರಗಲ್ಲು. ನಾವು ಹೋದ ದಿನ ಕಲ್ಲಿನ ಬುಡದಲ್ಲಿ ಒಂದು ಹೊಸ ಮಡಕೆ ಇತ್ತು. ಯಾರು ಇಟ್ಟರೆಂದು ವಿಚಾರಿಸಿದಾಗ ಕುಂಬಾರರ ಗೌರಮ್ಮ ಎಂದರು. ಊರಿಗೆಲ್ಲ ಉಳಿದಿದ್ದ ಒಂದೇ ಕುಂಬಾರ ಮನೆ ಆಕೆಯದು. ನೆಟ್ಟಗೆ ಮಾತಾಡುವ ಹೆಂಗಸು. “ಮಡಕೆ ಸುಟ್ಟು ಆವಿಗೆ ಬಿಚ್ಚಿದಾಗ ಮೊದಲ್ನೇದನ್ನ ಅಲ್ಲಿಡ್ತೀವಿ. ನಮ್ಮತ್ತೆ ಇಡ್ತಿದ್ಲು, ಅವರತ್ತೆ ಇಡ್ತಿದ್ಲು. ಯಾಕೆ ಅಂದ್ರೆ ಗೊತ್ತಿಲ್ಲ” ಎಂದಳು.

ಬರಹ ನಾಲ್ಕು ಸಾಲು. ಅದೃಷ್ಟಕ್ಕೆ ಒಂದಕ್ಷರವೂ ಸವೆದಿರಲಿಲ್ಲ. ನಾನು ಓದಿದೆ, ಅವರು ಬರೆದುಕೊಂಡರು. ಕುಂಬಾರ ಮಾಚ ಎಂಬವನು, ಊರ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರನ್ನು ಅಡ್ಡಗಟ್ಟಿ, ದನಗಳನ್ನು ಬಿಡಿಸಿ, ತಾನು ಸತ್ತ. ಊರವರು ಅವನ ಹೆಂಡತಿಗೆ ಕೆರೆ ಏರಿಯ ಮೂಡಲಿಗೆ ಹೊಲ ಬಿಟ್ಟು ಈ ಕಲ್ಲು ನಿಲ್ಲಿಸಿದರು. ಇಷ್ಟೇ. ಮೇಷ್ಟ್ರು ಬರೆಯುವುದನ್ನು ನಿಲ್ಲಿಸಿ ಮಡಕೆಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಗೌರಮ್ಮನ ಮನೆಗೆ ಹೆಚ್ಚುಕಡಿಮೆ ಓಡಿದರು.

ಗೌರಮ್ಮ ತಿಗರಿಯ ಚಕ್ರದ ಮುಂದಿನಿಂದ ಎದ್ದು, ಮಣ್ಣಿನ ಕೈಯಲ್ಲೇ ಬಂದು ಕಲ್ಲಿನೆದುರು ನಿಂತಳು. ನಾನು ಒಂದೊಂದು ಪದವನ್ನೂ ಬೆರಳಿಟ್ಟು ಓದಿ ಹೇಳಿದೆ. ಆಕೆ, “ನಮ್ಮೋನಾ?” ಎಂದಳು. “ನಿಮ್ಮೋನೇ ಕಣಮ್ಮಾ” ಎಂದರು ಮೇಷ್ಟ್ರು. “ಅವನ ಹೆಂಡ್ರಿಗೆ ಹೊಲ ಕೊಟ್ರಾ? ಏರಿ ಮೂಡ್ಲಿಗಾ? ಅದು ಪಟೇಲ್ರ ಮನೇರ ಖಾತೇಲೈತಲ್ಲ!” ಎಂದು ಆಕೆ ನಗಾಡಿದಳು. ನಾವೂ ನಕ್ಕೆವು. ಆ ನಗು ಪಟೇಲರ ಮನೆಗೂ ಮುಟ್ಟಿತು ಎಂದು ಆಗ ನಮಗೆ ತಿಳಿಯಲಿಲ್ಲ.

ಎರಡು ವರ್ಷದ ಮೇಲೆ ಆ ರಸ್ತೆ ಅಗಲವಾಯಿತು. ಹೊಂಗೆಮರ ಹೋಯಿತು. ಜೆಸಿಬಿ ಕಲ್ಲನ್ನು ಚರಂಡಿಗೆ ಉರುಳಿಸಿತು. ಅಷ್ಟರಲ್ಲಿ ಮೇಷ್ಟ್ರು ನಿವೃತ್ತರಾಗಿದ್ದರು. ಕಚೇರಿಯಿಂದ ಕಚೇರಿಗೆ ಅರ್ಜಿ ಹಿಡಿದು ಓಡಾಡಿದರು. ನಮ್ಮದಲ್ಲ ಎಂದು ಒಬ್ಬರು, ಮೇಲಿನವರನ್ನು ಕೇಳಿ ಎಂದು ಇನ್ನೊಬ್ಬರು. ಕೊನೆಗೆ ಪಟೇಲರ ಮನೆಯ ಹಿರಿಮಗನೇ ಮುಂದೆ ಬಂದ. ರಾಜಕೀಯದಲ್ಲಿ ಬೆಳೆಯುತ್ತಿದ್ದವನು. ರಸ್ತೆ ಪಕ್ಕದ ತನ್ನ ಜಾಗದಲ್ಲೇ ಕಟ್ಟೆ ಕಟ್ಟಿಸಿ, ಕಲ್ಲು ನಿಲ್ಲಿಸಿ, ಸುತ್ತ ಗ್ರಿಲ್ ಹಾಕಿಸಿ, ಪಕ್ಕದಲ್ಲಿ ಕರಿಕಲ್ಲಿನ ಫಲಕ ಮಾಡಿಸುತ್ತೇನೆ ಎಂದ. ಮೇಷ್ಟ್ರು ಅದನ್ನು ಹೇಳಿದಾಗ ನಾನು ಖುಷಿಯಿಂದ, ಫಲಕಕ್ಕೆ ಕೂಲಿ ಬೇಡ ಎಂದೆ.

ಒಂದು ಮಧ್ಯಾಹ್ನ ಅವರು ಫಲಕದ ಒಕ್ಕಣೆ ತಂದರು. ಯಾವಾಗಲೂ ಬಂದವರೇ ಸ್ಟೂಲು ಎಳೆದುಕೊಂಡು ಕೂರುತ್ತಿದ್ದರು. ಅವತ್ತು ಕೂರಲಿಲ್ಲ. ಚೀಟಿಯನ್ನು ಕಲ್ಲಿನ ಮೇಲಿಟ್ಟು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತರು. ಅವರದೇ ಮುದ್ದಾದ ಅಕ್ಷರ. ಪಟೇಲರ ಮನೆತನದ ಮೂಲಪುರುಷ, ರಣಧೀರ, ಸಾವಿರ ಕುದುರೆಯ ಒಡೆಯ, ನಾಡಿಗಾಗಿ ಪ್ರಾಣ ಕೊಟ್ಟ ವೀರನಾಯಕನ ಸ್ಮಾರಕ. ಎಲ್ಲಿಯೂ ಒಂದು ಚುಕ್ಕಿಯಿಲ್ಲ. ಕೊನೆಯಲ್ಲಿ, ‘ಶಾಸನ ಸಂಶೋಧನೆ’ ಎಂದು ಅವರ ಹೆಸರು.

“ಮೇಷ್ಟ್ರೇ, ಚೀಟಿ ಅದಲು ಬದಲಾಗಿದೆ” ಎಂದೆ.

“ಇಲ್ಲ. ಅದೇ.”

“ಮಾಚ ಎಲ್ಲಿ?”

ಅವರು ಕ್ಯಾಲೆಂಡರಿನಿಂದ ಕಣ್ಣು ತೆಗೆಯಲಿಲ್ಲ. “ಎಲ್ಲಾ ವಿಚಾರ ಮಾಡಿಯೇ ಬರೆದಿರೋದು. ಬರೆಯೋದು ನನ್ನ ಕೆಲಸ, ಕೆತ್ತೋದು ನಿನ್ನ ಕೆಲಸ” ಎಂದರು.

ಇಷ್ಟು ವರ್ಷದಲ್ಲಿ ನನ್ನನ್ನು ಕೂಲಿಯವನಂತೆ ಅವರು ಮಾತಾಡಿಸಿದ್ದು ಅದೊಂದೇ ಸಲ. ಅವರು ಹೋದ ಮೇಲೂ ಆ ಚೀಟಿಯನ್ನು ಹತ್ತಾರು ಸಲ ಓದಿದೆ. ನನಗೆ ಗೊತ್ತಿಲ್ಲದ ಬೇರೊಂದು ಶಾಸನ ಸಿಕ್ಕಿರಬಹುದೇ, ನಾನು ಓದಿದ್ದೇ ತಪ್ಪಿರಬಹುದೇ ಎಂದು ನನ್ನನ್ನೇ ಅನುಮಾನಿಸಿದೆ. ಅವರನ್ನು ಅನುಮಾನಿಸುವುದಕ್ಕಿಂತ ಅದು ಸುಲಭವಾಗಿತ್ತು. ಮೂರು ದಿನ ಕೂತು ಕೆತ್ತಿದೆ. ನನ್ನ ರೂಢಿಯಂತೆ ಕೆಳತುದಿಯಲ್ಲಿ ಅಂಗಡಿಯ ಹೆಸರನ್ನೂ ಹಾಕಿದೆ.

ಅನಾವರಣದ ದಿನ ಶಾಮಿಯಾನ, ಮೈಕು, ಶಾಲು. ಮೇಷ್ಟ್ರಿಗೆ ಮೈಸೂರು ಪೇಟ ತೊಡಿಸಿದರು. ಪರದೆ ಸರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ, ಅವರು ಮುಂದೆ ಹೋಗಿ ಫಲಕದ ಕೆಳಗಿದ್ದ ತಮ್ಮ ಹೆಸರಿನ ಮೇಲೆ ಬೆರಳಾಡಿಸಿದರು. ನಾನು ಅದನ್ನು ಕಂಡೆ. ಹಿಂದೊಮ್ಮೆ ಒಂದು ಸಭೆಯಲ್ಲಿ ಯಾರೋ ದೊಡ್ಡ ಮನುಷ್ಯ ಮೇಷ್ಟ್ರು ಓದಿದ ಆರು ಶಾಸನಗಳನ್ನು ತಾನೇ ಓದಿದವೆಂಬಂತೆ ಹೇಳಿದ್ದ. ವಾಪಸು ಬರುವ ಬಸ್ಸಿನಲ್ಲಿ ಅವರು ಕಡ್ಲೆಕಾಯಿಯ ಪೊಟ್ಟಣವನ್ನು ಬಿಚ್ಚದೆ ತೊಡೆಯ ಮೇಲೆ ಇಟ್ಟುಕೊಂಡು ಊರು ಬರುವವರೆಗೂ ಕೂತಿದ್ದರು. ಆವತ್ತು ಅವರಿಗಾಗಿ ನಾನು ಮರುಗಿದ್ದೆ. ಈ ದಿನ ಮರುಕ ಬರಲಿಲ್ಲ.

ಗೌರಮ್ಮ ಮಡಕೆ ಹಿಡಿದು ಬಂದಿದ್ದಳು. ಗ್ರಿಲ್ಲಿನ ಬಾಗಿಲಲ್ಲಿ ನಿಂತ ಕಾರ್ಯಕರ್ತನೊಬ್ಬ, “ಅಜ್ಜೀ, ಅದನ್ನ ಅತ್ಲಾಗೆ ಇಡು. ಫೋಟೋದಲ್ಲಿ ಬತ್ತೈತೆ” ಎಂದ. ಆಕೆ ಅವನನ್ನು ಗಮನಿಸಲೇ ಇಲ್ಲ. ವೇದಿಕೆ ಇಳಿದು ಬರುತ್ತಿದ್ದ ಮೇಷ್ಟ್ರನ್ನು ನಿಲ್ಲಿಸಿ, “ಮೈಕಿನಾಗೆ ಓದಿದ್ರಲ್ಲ ಮೇಷ್ಟ್ರೇ, ಅದ್ರಾಗೆ ನಮ್ಮೋನು ಎಲ್ಲೋದ?” ಎಂದು ಕೇಳಿದಳು. ಮೇಷ್ಟ್ರು ಕೊರಳಿನ ಹಾರವನ್ನು ಸರಿಮಾಡಿಕೊಂಡರು. ಪಟೇಲರ ಮಗ ಅವರ ಹೆಗಲ ಮೇಲೆ ಕೈಹಾಕಿ ಊಟಕ್ಕೆ ಕರೆದುಕೊಂಡು ಹೋದ. ನಾನು ಊಟ ಮಾಡದೆ ಬಸ್ಸು ಹತ್ತಿದೆ. ಗೌರಮ್ಮನನ್ನು ಮಾತಾಡಿಸಲಿಲ್ಲ. ಆ ಫಲಕ ಕೆತ್ತಿದವನು ನಾನೇ ಎಂದು ಹೇಳುವ ಧೈರ್ಯವಾಗಲಿಲ್ಲ.

ಆಮೇಲೆ ಭಾನುವಾರಗಳು ನಿಂತವು. ಅವರೂ ಕರೆಯಲಿಲ್ಲ, ನಾನೂ ಹೋಗಲಿಲ್ಲ. ಅವರು ಮಗಳ ಮನೆಗೆಂದು ಕಡೂರಿಗೆ ಹೋದರು. ಆ ಫಲಕದ ಚಿತ್ರ ಫೋನುಗಳಲ್ಲಿ ಓಡಾಡಿತು. ಶಾಲೆಯ ಮಕ್ಕಳನ್ನು ಕರೆತಂದು ಓದಿಸುತ್ತಾರೆಂದು ಕೇಳಿದೆ.

ಆರು ವರ್ಷದ ಮೇಲೆ, ಹೋದ ಮಳೆಗಾಲದಲ್ಲಿ, ಅವರ ಮಗಳು ಫೋನು ಮಾಡಿ ಅಪ್ಪಾಜಿ ನಿಮ್ಮನ್ನು ನೋಡಬೇಕಂತೆ ಎಂದಳು. ಹೋದೆ. ಮಂಚದ ಮೇಲೆ ಅವರು ಅರ್ಧಕ್ಕರ್ಧ ಆಗಿದ್ದರು. ಕಾಫಿ ಬಂತು, ಮಕ್ಕಳ ವಿಚಾರ ಬಂತು. ಮಗಳು ಒಳಗೆ ಹೋದಾಗ ಅವರೇ ಆ ಮಾತು ತೆಗೆದರು.

“ಆ ಚೀಟಿ ನಿನ್ನ ಕೈಗೆ ಕೊಟ್ಟಾಗ, ನೀನು ಕೆತ್ತಲ್ಲ ಅಂತ ಅಂದ್ಕೊಂಡಿದ್ದೆ ಕಣೋ ಬಾಷಾ.”

ನನಗೆ ಅರ್ಥವಾಗಲಿಲ್ಲ. “ಏನಂದ್ರಿ?”

“ನೀನು ಮುಖದ ಮೇಲೆ ಬಿಸಾಕ್ತೀಯ, ನಾನು ಅವನ ಹತ್ರ ಹೋಗಿ ಕೆತ್ತೋನು ಒಪ್ಪಲ್ಲ ಅಂತೀನಿ, ಅಲ್ಲಿಗೆ ಮುಗೀತದೆ ಅಂದ್ಕೊಂಡಿದ್ದೆ. ಮೂರು ದಿನ ಕಾದೆ. ನಾಲ್ಕನೇ ದಿನ ಕಲ್ಲು ರೆಡಿ ಅಂತ ನಿನ್ನ ಫೋನ್ ಬಂತು.”

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಅವರೆದುರು ನಾನು ದನಿ ಎತ್ತಿದ್ದು ಅದೇ ಮೊದಲು. “ನಿಮ್ಮ ಅಕ್ಷರ ಅಂತ ಕೆತ್ತಿದೆ ಮೇಷ್ಟ್ರೇ! ಬೇರೆ ಯಾರು ತಂದಿದ್ರೂ ಕೆತ್ತುತ್ತಿರಲಿಲ್ಲ. ಈಗ ಅದನ್ನೂ ನನ್ನ ತಲೆಗೆ ಕಟ್ತೀರಾ?”

“ಕಟ್ತಿಲ್ಲ. ಹೇಳ್ಬೇಕು ಅನ್ನಿಸ್ತು, ಹೇಳಿದೆ.”

“ಯಾಕೆ ಬರೆದ್ರಿ? ಅದನ್ನ ಹೇಳಿ.”

“ಕಲ್ಲು ಚರಂಡೀಲಿತ್ತು. ಇಲ್ಲದಿದ್ರೆ ಯಾವುದೋ ಮೋರಿ ತಳಕ್ಕೆ ಹೋಗ್ತಿತ್ತು. ಅದೂ ಒಂದು. ಅವನು ನನ್ನ ಹೆಸರು ಹಾಕಿಸ್ತೀನಿ ಅಂದ. ಅದೂ ಒಂದು. ಯಾವುದು ಮೊದಲು, ಯಾವುದು ಆಮೇಲೆ ಅಂತ ನನ್ನ ಕೇಳ್ಬೇಡ.”

ಬರುತ್ತೇನೆ ಎಂದು ಎದ್ದೆ. ಅವರು ಕೈ ಚಾಚಿದರು. ಹಿಡಿದೆ. ಕ್ಷಮಿಸು ಎಂದು ಅವರು ಕೇಳಲಿಲ್ಲ, ಆಯಿತು ಬಿಡಿ ಎಂದು ನಾನೂ ಹೇಳಲಿಲ್ಲ. ಅದೇ ಕೊನೆಯ ಭೇಟಿ.

ಮಣ್ಣಿನ ದಿನ ಸಿಂಗಟಗೆರೆಯಲ್ಲಿ ಜನ ಬಹಳ ಸೇರಿದ್ದರು. ಹಳೆಯ ಶಿಷ್ಯರು ಅಳುತ್ತಿದ್ದರು. ನಾನೂ ಒಂದು ಹಿಡಿ ಮಣ್ಣು ಹಾಕಿದೆ. ತೋಟದಲ್ಲೇ ನಾಲ್ಕು ಜನ ಮಾತಾಡಿದರು. ಪಟೇಲರ ಮಗನೂ ಬಂದಿದ್ದ. ದನಿ ತಗ್ಗಿಸಿ, “ನಮ್ಮ ಪೂರ್ವಿಕರ ಚರಿತ್ರೆಯನ್ನ ಮಣ್ಣಿನಿಂದ ಎತ್ತಿ ಕೊಟ್ಟ ಪುಣ್ಯಾತ್ಮ. ಅವರ ಜೀವಮಾನದ ದೊಡ್ಡ ಕೆಲಸ ನಮ್ಮೂರಿನ ಫಲಕ” ಎಂದ. ಎಲ್ಲರೂ ತಲೆಯಾಡಿಸಿದರು. ಆ ಲ್ಯಾನ್ಸ್ ನಾಯಕನ ಹೆಸರು ಯಾರೂ ಎತ್ತಲಿಲ್ಲ. ಆ ಐದು ಚುಕ್ಕಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಇಪ್ಪತ್ತು ವರ್ಷದ ಭಾನುವಾರಗಳಲ್ಲಿ ಉಳಿದದ್ದು ಆ ಸುಳ್ಳೊಂದೇ.

ಮರುದಿನ ಅಂಗಡಿ ತೆರೆಯದೆ ಶಿವನಿ ಕಡೆಯ ಬಸ್ಸು ಹತ್ತಿದೆ.

ಗೌರಮ್ಮನಿಗೆ ಬೆನ್ನು ಬಾಗಿತ್ತು. ತಿಗರಿ ಮೂಲೆ ಸೇರಿತ್ತು. ನನ್ನನ್ನು ಗುರುತಿಸಿ ಜಗುಲಿಯ ಮೇಲೆ ಕೂರಲು ಹೇಳಿದಳು. ಮೇಷ್ಟ್ರು ತೀರಿಕೊಂಡರು ಎಂದೆ. “ಕೇಳ್ದೆ” ಎಂದಳು. ಆ ಫಲಕ ಕೆತ್ತಿದವನು ನಾನು ಎಂದು ಹೇಳಲು ಬಾಯಿ ತೆರೆದೆ.

“ಗೊತ್ತು ಕಣಪ್ಪ” ಎಂದಳು. “ಕೆಳಗೆ ನಿನ್ನ ಅಂಗ್ಡಿ ಹೆಸರೈತೆ ಅಂತ ಸೊಸೆ ಅವತ್ತೇ ಓದಿ ಹೇಳಿದ್ಲು. ಇವತ್ತು ಬತ್ತಾನೆ, ನಾಳೆ ಬತ್ತಾನೆ ಅಂದ್ಕೊಂಡೆ. ಏಟು ವರ್ಸ ಆಯ್ತು?”

ಸರಿಯಾದ ಒಕ್ಕಣೆಯನ್ನು ಒಂದು ಚಿಕ್ಕ ಕಲ್ಲಿನಲ್ಲಿ ಕೆತ್ತಿ ಅವಳ ಮನೆಯ ಮುಂದೆ ನಿಲ್ಲಿಸಿಕೊಡುತ್ತೇನೆ ಎಂದೆ.

“ನನ್ನ ಮನೆ ಮುಂದೆ ಯಾಕೆ? ನಂಗೊತ್ತಲ್ಲ. ಅಲ್ಲಿ ಬಂದು ಓದು, ಬಾ” ಎಂದು ಕೋಲು ಹಿಡಿದು ಎದ್ದಳು.

ಗ್ರಿಲ್ಲಿಗೆ ಬೀಗವಿತ್ತು. ಸರಳುಗಳ ಆಚೆ ಕಲ್ಲು ಹಾಗೆಯೇ ಇತ್ತು. ಯಾರೋ ಅದಕ್ಕೆ ಬೆಳ್ಳಿ ಬಣ್ಣದ ಪೇಂಟು ಬಳಿದಿದ್ದರು. ನಾಲ್ಕು ಸಾಲು ಬರಹ ಮುಚ್ಚಿಹೋಗಿತ್ತು. ಆದರೆ ನನಗೆ ಅದು ಬಾಯಿಪಾಠ. ಎದುರಿನ ನಿಲ್ದಾಣದಲ್ಲಿ ಐದಾರು ಜನ ಬಸ್ಸಿಗೆ ಕಾಯುತ್ತಿದ್ದರು. ಮೊದಲು ಮೆಲ್ಲಗೆ ಹೇಳಿದೆ. ಗೌರಮ್ಮ, “ಜೋರಾಗಿ” ಎಂದಳು. ಜೋರಾಗಿ ಹೇಳಿದೆ. ಕುಂಬಾರ ಮಾಚನ ಹೆಸರನ್ನು, ದನಗಳನ್ನು, ಅವನ ಹೆಂಡತಿಯನ್ನು, ಏರಿಯ ಮೂಡಲ ಹೊಲವನ್ನು.

ಚೀಲ ಹಿಡಿದು ನಿಂತಿದ್ದ ನಡುವಯಸ್ಸಿನವನೊಬ್ಬ ರಸ್ತೆ ದಾಟಿ ಬಂದ. ಫಲಕವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. “ಅಂಗಾದ್ರೆ ಇದ್ರಲ್ಲಿರೋದು?”

“ಸುಳ್ಳು. ನಾನೇ ಕೆತ್ತಿದ್ದು.”

“ನೀವು ಕೆತ್ತಿದ್ದು ಸರಿ. ಬರೆದೋರ್ ಯಾರು ಸಾ?”

ಗೌರಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹೆಸರು ಹೇಳಿದೆ. ಅಷ್ಟು ವರ್ಷದಲ್ಲಿ ಮೊದಲ ಸಲ, ‘ಮೇಷ್ಟ್ರು’ ಎಂದು ಸೇರಿಸದೆ, ಬರೀ ಹೆಸರು.